ಔಟ್‌ಬೋರ್ಡ್ ಫ್ಯೂಸ್, ವೈರ್ ಬದಲಾಯಿಸುವವರಿಗೆ

ಮಲ್ಪೆಯ ದೋಣಿ ಗೆಳೆಯರೇ, ಮಳೆಗಾಲಕ್ಕೆ ಮೊದಲು ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ) ಎಂಜಿನ್‌ನ ಹಳೇ ಗಾಜಿನ ಫ್ಯೂಸ್ ಒಮ್ಮೆ ಬಿಚ್ಚಿ ನೋಡಿ. ಫ್ಯೂಸ್ ಚೆನ್ನಾಗಿದ್ದರೂ ಹೋಲ್ಡರ್‌ನ ಕ್ಲಿಪ್‌ನಲ್ಲಿ ಹಸಿರು ಕಿಲುಬು ಕೂತಿರುತ್ತದೆ. ಸೆಲ್ಫ್ ಕೈಕೊಡುವುದಕ್ಕೆ ಅಷ್ಟೇ ಸಾಕು. ಉಜ್ಜಿ ಹಾಕಿದರೆ ಸುಮ್ನೆ ನಾಲ್ಕು ದಿನದ ಮಾತು. ಮುಚ್ಚಳ ಇರುವ ಬ್ಲೇಡ್ ಫ್ಯೂಸ್ (ಕಾರಿನಲ್ಲಿರುವಂಥ ಚಪ್ಪಟೆ ಕಾಲಿನ ಫ್ಯೂಸ್) ಹೋಲ್ಡರ್ ಹಾಕಿ, ಬ್ಯಾಟರಿಯ ಪ್ಲಸ್‌ಗೆ ಆದಷ್ಟು ಹತ್ತಿರ. ಆಂಪಿಯರ್ ಮಾತ್ರ ಎಂಜಿನ್ ಕಂಪನಿ ಹೇಳಿದಷ್ಟೇ ಇರಲಿ. 20ರದ್ದು ಹೋಯಿತು ಅಂತ 30ರದ್ದು ಹಾಕಿದರೆ ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇದೆ, ಅಲ್ವಾ?

ವೈರ್ ತವರ ಲೇಪದ ತಾಮ್ರದ್ದೇ ತನ್ನಿ, ರೇಟ್ ಸ್ವಲ್ಪ ಜಾಸ್ತಿಯಾದರೂ. ಮನೆ ವೈರಿಂಗ್‌ನದ್ದು ಉಪ್ಪುಗಾಳಿಗೆ ಒಳಗೊಳಗೇ ಕಪ್ಪಾಗುತ್ತದೆ. ಜೋಡಣೆಗೆ ಟೇಪ್ ಬೇಡ. ಕ್ರಿಂಪ್ ಮಾಡಿ (ಲೋಹದ ಕನೆಕ್ಟರ್ ಒಳಗೆ ವೈರ್ ಇಟ್ಟು ಇಕ್ಕಳದಿಂದ ಅದುಮಿ), ಮೇಲೆ ಒಳಮೈಗೆ ಅಂಟು ಬಳಿದಿರುವ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಏರಿಸಿ. ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ.