ಗುಂಡು, ಗುಂಡಿ ಮತ್ತು ನಿಮ್ಮಜ್ಜ

ದಾವಣಗೆರೆ

ಚಿ. ಪುಟ್ಟಿಗೆ ಚಿಕ್ಕಜ್ಜನ ಆಶೀರ್ವಾದ.

ನಿನ್ನ ಕಾಗದದಲ್ಲಿ ಉಳಿದದ್ದೆಲ್ಲ ಸರಿ. ಆ ಒಂದು ಸಾಲು ಮಾತ್ರ ನಿದ್ದೆ ಕೆಡಿಸ್ತು: "ಬರೆದವಳು ನಾನೇ. ಅದು ತಮಾಷೆ ಅಂತ ನಾನೇ ಹೇಳಿದರೂ ಜನ ನಂಬದಿದ್ದರೆ?"

ಎಲೆಕ್ಷನ್‌ಗೆ ನಿಂತ ಆ ಮಾಜಿ ಸೈನಿಕರೇ ಅಂದ ಹಾಗೆ ನೀನು ತಮಾಷೆಗೆ ಬರೆದು ಹಾಕಿದ ಮಾತು ನಮ್ಮ ವಾಕಿಂಗ್ ಗೆಳೆಯರ ವಾಟ್ಸಾಪಿಗೂ ಬಂದಿತ್ತು. ಕೆಳಗೆ ನೀನು ಹಾಕಿದ್ದೆ ಅಂದೆಯಲ್ಲ, 'ನಗಲಿಕ್ಕೆ ಮಾತ್ರ' ಅಂತ, ಅದನ್ನ ಯಾರೋ ಕತ್ತರಿಸಿದ್ದರು.

ನಿಮ್ಮಜ್ಜನ ಮಿಲಿಟರಿ ಕಥೆ ನಿನಗೆ ಹೊಸದಲ್ಲ. ಎಲೆಕ್ಷನ್ ಕಥೆ ಮನೆಯಲ್ಲಿ ಯಾರೂ ಎತ್ತಲ್ಲ. 1987ರ ಮಂಡಲ ಪಂಚಾಯ್ತಿಗೆ ಅಣ್ಣ ನಿಂತಿದ್ದ. ಅದಕ್ಕೆ ಮುಂಚಿನ ಗಣಪತಿ ಹಬ್ಬದಲ್ಲಿ ಹುಡುಗರು ನಗೆನಾಟಕ ಆಡಿದ್ದರು. ಅಣ್ಣನಂಥದೇ ಮೀಸೆಯ ಪಾತ್ರ, "ನಾನು ಗುಂಡು ಹೊಡೆದವನಲ್ಲಪ್ಪಾ, ಗುಂಡಿ ತೋಡಿದವನು" ಅಂತು. ಅಣ್ಣನೂ ನಕ್ಕ. ಓಟು ಬರೋ ಹೊತ್ತಿಗೆ ಅದು ಅಣ್ಣನ ಮಾತೇ ಆಗಿಹೋಗಿತ್ತು. ಚಾ ಅಂಗಡೀಲಿ ಅವನೇ ಹೇಳಿದ್ದನ್ನ ಕಿವಿಯಾರೆ ಕೇಳಿದೀನಿ ಅನ್ನೋರೂ ಹುಟ್ಟಿಕೊಂಡರು. ನಾಟಕ ಬರೆದ ಹುಡುಗ ಮನೆಮನೆಗೆ ಹೋಗಿ "ಅದು ನನ್ನ ಮಾತು" ಅಂದ. "ಅವನು ಅಂದದ್ದನ್ನ ಕೇಳಿಯೇ ಬರೆದಿರ್ತೀಯ ಬಿಡು" ಅಂದರು.

ಯಾಕೆ ಅಂಟಿಕೊಳ್ತು ಅಂದರೆ, ಅದರಲ್ಲಿ ಒಂದೆಳೆ ನಿಜ ಇತ್ತು. ಅಣ್ಣ ಇದ್ದದ್ದು ಮದ್ರಾಸ್ ಸ್ಯಾಪರ್ಸ್‌ನಲ್ಲಿ. ಸೇತುವೆ ಕಟ್ಟೋದು, ನೆಲ ಅಗೆಯೋದು, ಹೂತಿಟ್ಟ ಮೈನು, ಅಂದರೆ ನೆಲಬಾಂಬು, ತೆಗೆಯೋದು ಅವರ ಕೆಲಸವೇ. ಟ್ಯಾಂಕು ಸಾಗಬೇಕಾದರೆ ಮೈನು ತೆಗೆಯೋನು ಮೊದಲು ಹೋಗಬೇಕು ಅನ್ನೋದು ಊರಲ್ಲಿ ಯಾರಿಗೆ ಗೊತ್ತಿತ್ತು? ನನಗೂ ಆಮೇಲೆ ಎಲ್ಲೋ ಓದಿ ಗೊತ್ತಾಯ್ತು. ಅವನನ್ನ ಕೇಳಬಹುದಾಗಿತ್ತು. ಬೇಸಿಗೆಯಲ್ಲಿ ಒಂದೇ ಮಾಳಿಗೆ ಮೇಲೆ ಮಲಗ್ತಿದ್ದವರು ನಾವು.

ನಮ್ಮೂರೋರದ್ದಷ್ಟೇ ಬುದ್ಧಿ ಇದು ಅನ್ನಬೇಡ. 2004ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತ ಜಾನ್ ಕೆರ್ರಿ, ವಿಯೆಟ್ನಾಂನಲ್ಲಿ ನೌಕಾಪಡೆಯಲ್ಲಿದ್ದು ಪದಕ ಪಡೆದವರು. ನಟಿ ಜೇನ್ ಫಾಂಡಾ ಜೊತೆ ಒಂದೇ ಯುದ್ಧವಿರೋಧಿ ಸಭೆಯಲ್ಲಿ ನಿಂತ ಹಾಗೆ ಯಾರೋ ಎರಡು ಫೋಟೋ ಕೂಡಿಸಿ ಬಿಟ್ಟರು. ಕೆರ್ರಿ ಫೋಟೋ ತೆಗೆದಿದ್ದ ಕೆನ್ ಲೈಟ್ ಅವರೇ ಬಂದು ನನ್ನ ಚಿತ್ರದಲ್ಲಿ ಆಕೆ ಇರಲೇ ಇಲ್ಲ ಅಂದರು. ಅಷ್ಟರಲ್ಲಿ ಎಲ್ಲೆಲ್ಲೋ ಹಬ್ಬಿಯಾಗಿತ್ತು. ಅಲ್ಲೂ ಒಂದೆಳೆ ನಿಜ ನೋಡು: ಇಬ್ಬರೂ ಆ ಯುದ್ಧದ ವಿರುದ್ಧ ಮಾತಾಡಿದವರೇ.

ಏನು ಮಾಡು ಅಂತ ಹೇಳಲಿ? ಒಂದು ಫೋಟೋ ಕಳಿಸೋಕೂ ನನಗೆ ಪಕ್ಕದ ಮನೆ ಹುಡುಗ ಬೇಕು. ಆದರೂ 'ನಗಲಿಕ್ಕೆ ಮಾತ್ರ' ಅಂತ ನೀನು ಮೊದಲು ಹಾಕಿದ್ದನ್ನ ಅಳಿಸಬೇಡ, ತಮಾಷೆ ಅಂತ ತೋರಿಸೋಕೆ ಅದೊಂದೇ ಸಾಕ್ಷಿ. ಆ ಅಭ್ಯರ್ಥಿಗೆ ನೀನೇ ಬರಿ, ಬೈದರೆ ಬೈಸಿಕೋ. ಭಾರತೀಯ ನ್ಯಾಯ ಸಂಹಿತೆಯ 175ನೇ ಕಲಂ ಇದೆಯಂತೆ, ಅಭ್ಯರ್ಥಿಯ ನಡತೆ ಬಗ್ಗೆ ಸುಳ್ಳನ್ನ ನಿಜ ಅಂತ ಹಬ್ಬಿಸಿ ಫಲಿತಾಂಶ ತಿರುಗಿಸೋಕೆ ನೋಡಿದವರಿಗೆ ದಂಡ. ನೀನು ಹಾಗೆ ಮಾಡಿಲ್ಲ ಅಂತ ನನ್ನ ಲೆಕ್ಕ. ವಕೀಲರನ್ನ ಕೇಳೋದು ವಾಸಿ.

ನಂಬದಿದ್ದರೆ ಅಂದೆಯಲ್ಲ. ತುಂಬಾ ಜನ ನಂಬಲ್ಲ ಪುಟ್ಟಿ. ಆದರೆ ಆ ಹುಡುಗ ಮನೆಮನೆ ತಿರುಗಿದ್ದನ್ನ ಅಣ್ಣ ಮರೀಲಿಲ್ಲ. ಸೋತ ವರ್ಷವೇ ಅವನ ಮದುವೆಗೆ ಹೋಗಿ ಮುಯ್ಯಿ ಮಾಡಿ ಬಂದ.

ಅಣ್ಣನ ಡಿಸ್ಚಾರ್ಜ್ ಬುಕ್ ನಿಮ್ಮಪ್ಪನ ಬೀರುವಿನಲ್ಲಿರಬೇಕು. 1971ರಲ್ಲಿ ಎಲ್ಲಿದ್ದ ಅಂತ ನೋಡಿ ನನಗೆ ಬರಿ.

ನಿನ್ನ ಚಿಕ್ಕಜ್ಜ