ಮೂರು ತಿಂಗಳು ನನ್ನ ಗಿಡಗಳನ್ನು ಕಾಯ್ದವರಿಗೆ

ನಿನ್ನೆ ಬೆಳಿಗ್ಗೆ ಮೂರು ತಿಂಗಳ ಮೇಲೆ ತಾರಸಿಯ ಮೆಟ್ಟಿಲು ಹತ್ತಿದೆ. ನಡುವೆ ಎರಡು ಸಲ ನಿಂತು ಉಸಿರು ತಗೊಂಡೆ. ಮೇಲೆ ಹೋಗಿ ನೋಡಿದರೆ, ಸತ್ತೇ ಹೋಯಿತು ಅಂದುಕೊಂಡಿದ್ದ ನಿಂಬೆ ಗಿಡದಲ್ಲಿ ಕೆಂಪು ಬಣ್ಣದ ಎಳೆ ಚಿಗುರು. ಅಲ್ಲೇ ಕೂತು ಅತ್ತುಬಿಟ್ಟೆ. ನಮ್ಮ ಕೈತೋಟದ ಬಳಗದವರಿಗೆ ಎದುರಿಗೆ ಸಿಕ್ಕಾಗ ಇದನ್ನೆಲ್ಲ ಹೇಳೋಕೆ ನನಗೆ ಬಾಯಿ ಬರಲ್ಲ. ಅದಕ್ಕೇ ಬರೀತಿದ್ದೇನೆ.

ಜಾರಿ ಬಿದ್ದು ಕಾಲು ಮುರಿದುಕೊಂಡಾಗ ಗಿಡಗಳ ಜವಾಬ್ದಾರಿ ಮನೆಯವರ ಮೇಲೆ ಬಿತ್ತು. ಪಾಪ, ಪ್ರೀತಿಯಿಂದಲೇ ನೋಡಿಕೊಂಡರು. ದಿನಾ ಸಂಜೆ ಪ್ರತಿ ಕುಂಡಕ್ಕೂ ಒಂದು ಚೊಂಬು ನೀರು. ಎರಡು ವಾರಕ್ಕೆ ನಿಂಬೆ ಎಲೆ ಹಳದಿಯಾಗಿ ಜೋತುಬಿತ್ತು. ನೀರು ಸಾಲದು ಅಂತ ಎರಡು ಚೊಂಬು ಹಾಕಿದರು. ಹಾಗೆ ಮಾಡಿ ಅಂತ ಮಲಗಿದಲ್ಲಿಂದಲೇ ಹೇಳಿದ್ದು ನಾನೇ.

ಆ ವಾರವೇ ಬಳಗದ ನಾಲ್ಕು ಜನ ದಿನ ಹಂಚಿಕೊಂಡು ಬರೋಕೆ ಶುರು ಮಾಡಿದ್ದು. ನಾನು ಕೇಳಿರಲಿಲ್ಲ. ಮೊದಲ ದಿನ ಬಂದ ಹಿರಿಯ ಅಕ್ಕ ಚೊಂಬನ್ನು ಪಕ್ಕಕ್ಕಿಟ್ಟು, ನಿಂಬೆಯ ಕುಂಡಕ್ಕೆ ಬೆರಳು ಇಳಿಸಿ, ಅದನ್ನು ಹಾಗೇ ಕೆಳಗೆ ತಂದು ನನಗೆ ತೋರಿಸಿದರು. ಎರಡನೇ ಗೆಣ್ಣಿನವರೆಗೂ ಒದ್ದೆ ಮಣ್ಣು ಮೆತ್ತಿಕೊಂಡಿತ್ತು. "ಇದಕ್ಕೆ ಬಾಯಾರಿಕೆ ಅಲ್ಲ ಕಣೇ, ಉಸಿರು ಕಟ್ಟಿದೆ" ಅಂದರು.

ಇಷ್ಟು ವರ್ಷ ಗಿಡ ಬೆಳೆಸಿದರೂ ನನಗೆ ಅದು ಸರಿಯಾಗಿ ಅರ್ಥವಾಗಿರಲಿಲ್ಲ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಗಳಲ್ಲಿ ಸದಾ ನೀರೇ ತುಂಬಿದ್ದರೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಎಳೆಯಲಾರದು. ಹಾಗಾಗಿ ಗಿಡ ನೀರಲ್ಲೇ ನಿಂತು ಬಾಡುತ್ತದೆ. ನಾವು ಬಾಡಿದ ಎಲೆ ನೋಡಿ ಇನ್ನಷ್ಟು ನೀರು ಸುರಿಯುತ್ತೇವೆ.

ಕುಂಡ ಮಗುಚಿದಾಗ ತಳದ ತೂತು ಮಣ್ಣು ಗಟ್ಟಿಯಾಗಿ ಮುಚ್ಚಿಹೋಗಿತ್ತಂತೆ. ಅರ್ಧ ಬೇರು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಿಪ್ಪೆ ಜಾರುತ್ತಿತ್ತು, ವಾಸನೆ ಬೇರೆ. ಅಕ್ಕ ಅದನ್ನೆಲ್ಲ ಚೊಕ್ಕ ಕತ್ತರಿಯಿಂದ ತೆಗೆದು, ಗಟ್ಟಿಯಾದ ಬಿಳಿ ಬೇರು ಮಾತ್ರ ಉಳಿಸಿದರು. ಮಣ್ಣು, ಚೆನ್ನಾಗಿ ಮಾಗಿದ ಗೊಬ್ಬರ, ತೆಂಗಿನ ನಾರಿನ ಪುಡಿ ಕಲಸಿ ಮತ್ತೆ ನೆಟ್ಟು, ನೆರಳಿಗೆ ಸರಿಸಿದರು. ಚಿಗುರು ಬರೋವರೆಗೂ ಬೇರೆ ಗೊಬ್ಬರ ಮುಟ್ಟಿಸಬೇಡಿ, ಬೆರಳಿಗೆ ಮೇಲಿನ ಮಣ್ಣು ಒಣಗಿದ್ದು ಗೊತ್ತಾದರೆ ಮಾತ್ರ ನೀರು ಅಂತ ಮನೆಯವರಿಗೆಲ್ಲ ಹೇಳಿ ಹೋದರು. ಈಗ ನಮ್ಮನೆ ಮಕ್ಕಳು ಚೊಂಬಿಗಿಂತ ಮೊದಲು ಬೆರಳು ಹಾಕುತ್ತಾರೆ.

ದಾಸವಾಳಕ್ಕೆ ಹಿಟ್ಟು ತಿಗಣೆ, ಅಂದರೆ ಗಿಡದ ರಸ ಹೀರುವ ಬಿಳಿ ಪುಟ್ಟ ಹುಳ, ಹತ್ತಿದಾಗ ಗಮನಿಸಿದ್ದು ಬಳಗದ ಕಿರಿಯ ಹುಡುಗ. ಇರುವೆ ಸಾಲು ಎಲ್ಲಿಗೆ ಹೋಗುತ್ತದೆ ಅಂತ ಹಿಂಬಾಲಿಸಿ ನೋಡಿದನಂತೆ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳೇ ಅವುಗಳನ್ನು ಕಾಯುತ್ತವೆ, ಅಲ್ವಾ? ಒದ್ದೆ ಬಟ್ಟೆಯಲ್ಲಿ ಒರೆಸಿ, ಸಂಜೆ ಹೊತ್ತು ತೆಳುವಾದ ಸೋಪಿನ ನೀರು ಸಿಂಪಡಿಸಿದ. ಮೊಟ್ಟೆ ಉಳಿದಿರುತ್ತದೆ ಅಂತ ವಾರಕ್ಕೊಮ್ಮೆ ಬಂದು ಮತ್ತೆ ಮತ್ತೆ ಮಾಡಿದ. ಒಂದೇ ಸಲಕ್ಕೆ ಬಿಟ್ಟಿದ್ದರೆ ಗಿಡ ಉಳಿಯುತ್ತಿರಲಿಲ್ಲ ಅಂತ ನನ್ನ ನಂಬಿಕೆ. ನಾರುತ್ತಿದ್ದ ಗೊಬ್ಬರದ ಡಬ್ಬಿಗೆ ಎರಡು ಚೀಲ ಒಣ ಎಲೆ ತಂದು ಸುರಿದವರು ಯಾರು ಅಂತ ಇನ್ನೂ ಗೊತ್ತಾಗಿಲ್ಲ. ಯಾರೇ ಇರಲಿ, ನಿಮಗೂ ನಮಸ್ಕಾರ.

ಇನ್ನು ಕುಂಬಳ. ಹೀಚು ಬೆರಳಗಾತ್ರ ಆಗುವಷ್ಟರಲ್ಲಿ ಹಳದಿಯಾಗಿ ಉದುರುತ್ತಿತ್ತು. ಪರಾಗಸ್ಪರ್ಶ ಆಗುತ್ತಿಲ್ಲ ಅಂತ ಇನ್ನೊಬ್ಬ ಅಕ್ಕನಿಗೆ ನೋಡಿದ ಕೂಡಲೇ ಗೊತ್ತಾಯಿತು. ಕುಂಬಳದ ಹೂ ನಸುಕಿಗೆ ಅರಳಿ ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಅವರು ತಮ್ಮ ಮನೆ ಕೆಲಸ ಬಿಟ್ಟು ಏಳು ಗಂಟೆಗೇ ಬರುತ್ತಿದ್ದರು. ಗಂಡು ಹೂವಿನ ಎಸಳು ಬಿಡಿಸಿ, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರುತ್ತಿದ್ದರು. ಒಂದು ದಿನ ಅವರ ಬೆರಳ ತುದಿಯ ಹಳದಿ ಪುಡಿ ನನ್ನ ಹೊದಿಕೆಗೂ ಅಂಟಿತು. ಎಷ್ಟೋ ದಿನ ಅದನ್ನು ಒಗೆಯೋಕೆ ಕೊಡಲಿಲ್ಲ.

ಮಲಗಿದಲ್ಲೇ ಇದ್ದಾಗ ನಾನು ಯಾರಿಗೂ ಬೇಡವಾದೆ ಅನ್ನಿಸಿಬಿಡುತ್ತದೆ. ನೀವು ಬಂದು "ಈ ಕೊಂಬೆ ಕತ್ತರಿಸಲಾ? ಇದನ್ನ ಎಲ್ಲಿಡಲಿ?" ಅಂತ ನನ್ನನ್ನೇ ಕೇಳುತ್ತಿದ್ದಿರಿ. ಅದು ನನ್ನ ತೋಟ ಅಂತ ನನಗೆ ಮರೆಯೋಕೆ ಬಿಡಲಿಲ್ಲ. ಗಿಡ ಉಳಿಸಿದ್ದಕ್ಕಿಂತ ಅದಕ್ಕೆ ನಾನು ಜಾಸ್ತಿ ಋಣಿ.

ಕುಂಬಳ ಎರಡು ಕಾಯಿ ಬಲಿತಿದೆ. ಒಂದನ್ನು ಕೊಯ್ದು ಬೀಜ ತೊಳೆದು ನೆರಳಲ್ಲಿ ಹರವಿದ್ದೇನೆ. ಮುಂದಿನ ಭಾನುವಾರ ನಾನೇ ನಡೆದುಕೊಂಡು ಬರುತ್ತೇನೆ. ಎಲ್ಲರಿಗೂ ಆಗುವಷ್ಟಿದೆ, ಒಂದೊಂದು ಪೊಟ್ಟಣ ತಗೊಂಡು ಹೋಗಿ.