ದರ ಕೇಳುವ ಮುಂಚೆ ಚೀಟಿ ಓದಿ

ಸಂಪಾದಕರಿಗೆ,

‘ಎಂಆರ್‌ಐ ಮಾಡಿಸೋಕೆ ಎಷ್ಟಾಗುತ್ತೆ?’ ಖಾಸಗಿ ಸ್ಕ್ಯಾನಿಂಗ್ ಕೇಂದ್ರಗಳ ಫೋನಿನಲ್ಲಿ ದಿನವಿಡೀ ಕೇಳಿಬರುವ ಪ್ರಶ್ನೆ ಇದು. ಇದಕ್ಕೆ ಸಿಗುವ ಉತ್ತರವನ್ನು ನಂಬುವಂತಿಲ್ಲ. ಕೌಂಟರಿನವರು ಸುಳ್ಳು ಹೇಳುತ್ತಾರೆ ಅಂತಲ್ಲ. ದೇಹದ ಯಾವ ಭಾಗ, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ದ್ರವ) ಬೇಕೋ ಬೇಡವೋ ಎಂಬುದು ಗೊತ್ತಾಗದಿದ್ದಾಗ ಪಟ್ಟಿಯಲ್ಲಿರುವ ಅತಿ ಕಡಿಮೆ ದರವೇ ಬಾಯಿಗೆ ಬರುತ್ತದೆ. ಆ ಲೆಕ್ಕದಲ್ಲಿ ಹಣ ಹೊಂದಿಸಿಕೊಂಡು ಬಂದವರು ಬಿಲ್ ಕೈಗೆ ಬಂದಾಗ ಜಗಳಕ್ಕೆ ನಿಲ್ಲುತ್ತಾರೆ. ಆದರೆ ಜನರ ಹಣ ನಿಜವಾಗಿ ಪೋಲಾಗುವುದು ಅಲ್ಲಲ್ಲ, ಅದೇ ಸ್ಕ್ಯಾನನ್ನು ಇನ್ನೊಮ್ಮೆ ಮಾಡಿಸಬೇಕಾಗಿ ಬಂದಾಗ. ಇವೆರಡಕ್ಕೂ ಬೀಜ ಇರುವುದು ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ.

‘ಎಂಆರ್‌ಐ ಸ್ಪೈನ್’ ಎಂದಷ್ಟೇ ಬರೆದಿದೆ ಎಂದುಕೊಳ್ಳಿ. ಕುತ್ತಿಗೆ, ಬೆನ್ನು, ಸೊಂಟ ಎಂದು ಬೆನ್ನುಮೂಳೆಯಲ್ಲಿ ಮೂರು ಭಾಗ. ಸಾಮಾನ್ಯವಾಗಿ ಮೂರಕ್ಕೂ ಬೇರೆ ಬೇರೆ ದರ. ‘ಹೋಲ್ ಸ್ಪೈನ್ ಸ್ಕ್ರೀನಿಂಗ್’ ಎಂದು ಕಡಿಮೆ ದರಕ್ಕೆ ಸೇರಿಸಿಕೊಡುವುದುಂಟು. ಅದು ಒಂದೆರಡು ಬಗೆಯ ಚಿತ್ರಗಳ ಮೇಲ್ನೋಟವೇ ಹೊರತು ಮೂರೂ ಭಾಗಗಳ ಪೂರ್ತಿ ಪರೀಕ್ಷೆಯಲ್ಲ. ಎರಡು ಮೊಣಕಾಲು ಎಂದರೆ ಎರಡು ಸ್ಕ್ಯಾನ್. ಹೊಟ್ಟೆ ಮತ್ತು ಕಿಬ್ಬೊಟ್ಟೆಯನ್ನು ಕೆಲವು ಕಡೆ ಒಂದಾಗಿ, ಕೆಲವು ಕಡೆ ಎರಡಾಗಿ ಎಣಿಸುತ್ತಾರೆ. ಫೋನಿನಲ್ಲಿ ಚೀಟಿಯನ್ನು ಅಕ್ಷರಕ್ಕೆ ಅಕ್ಷರ ಓದಿ ಹೇಳಿ, ಇಲ್ಲವೇ ಫೋಟೊ ಕಳುಹಿಸಿ. ಆಗ ಮಾತ್ರ ದರಕ್ಕೆ ಅರ್ಥ ಬರುತ್ತದೆ.

ಚೀಟಿಯಲ್ಲಿ ಭಾಗದ ಹೆಸರಿಗಿಂತ ಮುಖ್ಯವಾದದ್ದು ಕಾರಣ. ‘ತಲೆನೋವು’ ಎಂದಷ್ಟೇ ಇದ್ದರೆ ತಂತ್ರಜ್ಞರು ಮಿದುಳಿನ ಮಾಮೂಲಿ ಸ್ಕ್ಯಾನ್ ಮಾಡುತ್ತಾರೆ; ಒಂದೊಂದು ಚಿತ್ರ ತೋರಿಸುವ ಪದರದ ದಪ್ಪ 5 ಮಿ.ಮೀ. ಆಸುಪಾಸು. ಅದೇ ಚೀಟಿಯಲ್ಲಿ ‘ಮೂರು ತಿಂಗಳಿಂದ ಬಲಗಿವಿ ಮಂದ, ಗುಂಯ್‌ಗುಡುವ ಸದ್ದು’ ಎಂಬ ಸಾಲಿದ್ದರೆ ಒಳಕಿವಿಯ ನರದ ಹಾದಿಗೆ 1 ಮಿ.ಮೀ.ಗಿಂತ ತೆಳುವಾದ ಚಿತ್ರಗಳನ್ನು ಸೇರಿಸುತ್ತಾರೆ. ಆ ನರದ ಮೇಲೆ ಕೆಲವೇ ಮಿ.ಮೀ. ಅಳತೆಯ ಗಂಟಿದ್ದರೆ ದಪ್ಪ ಚಿತ್ರಗಳ ನಡುವೆ ಅದು ಕಣ್ತಪ್ಪಿಸಿಕೊಳ್ಳಬಹುದು. ಸ್ಕ್ಯಾನ್ ಸರಿಯಾಗಿಯೇ ಆಗಿದೆ, ರಿಪೋರ್ಟ್ ‘ನಾರ್ಮಲ್’. ಆದರೂ ಕಿವಿಯ ವೈದ್ಯರು ಮತ್ತೆ ಮಾಡಿಸಿ ಎನ್ನುತ್ತಾರೆ. ಎರಡು ಬಾರಿ ಹಣ ತೆತ್ತದ್ದು ಒಂದು ಸಾಲು ಬರೆಯದ ತಪ್ಪಿಗೆ. ಎಡವೋ ಬಲವೋ ಎಂಬುದೂ ಚೀಟಿಯಲ್ಲಿರಲಿ. ವೈದ್ಯರ ಎದುರು ಕುಳಿತಿರುವಾಗಲೇ ‘ಏನನ್ನು ಹುಡುಕಬೇಕು ಅಂತ ಒಂದು ಸಾಲು ಬರೆದುಕೊಡಿ’ ಎಂದು ಕೇಳಲು ಸಂಕೋಚ ಬೇಡ.

ಇನ್ನು ಕಾಂಟ್ರಾಸ್ಟ್. ಬಿಲ್ಲಿನಲ್ಲಿ ಹೆಚ್ಚಿನ ತಕರಾರು ಹುಟ್ಟುವುದು ಇಲ್ಲೇ. ಸಿ.ಟಿ.ಗೆ ಅಯೋಡಿನ್ ಇರುವ ದ್ರವ, ಎಂಆರ್‌ಐಗೆ ಗ್ಯಾಡೋಲಿನಿಯಂ ಇರುವುದು. ಗ್ಯಾಡೋಲಿನಿಯಂ ಮಾಮೂಲಿ ಪ್ರಮಾಣ 60 ಕೆ.ಜಿ.ಯವರಿಗೆ ಸುಮಾರು 12 ಮಿ.ಲೀ. ದ್ರವದ ಬೆಲೆಯ ಜೊತೆಗೆ ಸೂಜಿ, ಸಿರಿಂಜ್, ಇಂಜೆಕ್ಟರಿನ ಕೊಳವೆ ಎಂದು ಬೇರೆ ಬೇರೆ ಸಾಲು ಬಿದ್ದು ಮೂಗಿಗಿಂತ ಮೂಗುತಿ ಭಾರವಾಗುವುದುಂಟು. ಎಲ್ಲ ಸೇರಿಸಿ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಸಾದಾ ಸ್ಕ್ಯಾನ್‌ಗೆಂದು ಮಲಗಿದವರಿಗೆ ನಡುವೆ ಏನೋ ಅನುಮಾನ ಕಂಡು ರೇಡಿಯಾಲಜಿಸ್ಟ್ (ಸ್ಕ್ಯಾನ್ ಓದುವ ವೈದ್ಯರು) ಕಾಂಟ್ರಾಸ್ಟ್ ಕೇಳುವ ಸಂದರ್ಭವೂ ಬರುತ್ತದೆ. ಆಗ ಎಷ್ಟು ಹೆಚ್ಚಾಗುತ್ತದೆ, ಯಾರನ್ನು ಕೇಳಿ ಕೊಡುತ್ತಾರೆ ಎಂಬುದನ್ನೂ ಮುಂಚಿತವಾಗಿ ಕೇಳಿಡುವುದು ಜಾಣತನ.

ಕಾಂಟ್ರಾಸ್ಟ್ ಇದ್ದರೆ ಇತ್ತೀಚಿನ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತ ಪರೀಕ್ಷೆ) ರಿಪೋರ್ಟ್ ಬೇಕೇ ಎಂದು ವಿಚಾರಿಸಿ. ವಯಸ್ಸಾದವರು, ಮಧುಮೇಹಿಗಳು, ಮೂತ್ರಪಿಂಡದ ತೊಂದರೆ ಇರುವವರು ಅದಿಲ್ಲದೆ ಬಂದರೆ ಅರ್ಧ ದಿನ ಕಾಯಬೇಕು ಅಥವಾ ವಾಪಸು ಹೋಗಬೇಕು. ಅದರಿಂದ ಲೆಕ್ಕ ಹಾಕುವ, ಮೂತ್ರಪಿಂಡ ರಕ್ತ ಸೋಸುವ ವೇಗದ ಅಂಕಿಯಾದ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಕಾಂಟ್ರಾಸ್ಟ್ ಕೊಡಬೇಕೋ ಬೇಡವೋ ಎಂಬುದನ್ನು ವೈದ್ಯರು ಕೂತು ಯೋಚಿಸುತ್ತಾರೆ. ಅಂಥವರು ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅಯೋಡಿನ್ ಕಾಂಟ್ರಾಸ್ಟ್ ನಂತರ 48 ಗಂಟೆ ನಿಲ್ಲಿಸಿ, ರಕ್ತ ಪರೀಕ್ಷೆ ನೋಡಿದ ಮೇಲೆ ಮುಂದುವರಿಸಲು ಹೇಳುತ್ತಾರೆ. ಎಲ್ಲ ಮಧುಮೇಹಿಗಳಿಗೂ ಇದು ಅನ್ವಯಿಸದು. ತಾವಾಗಿಯೇ ಮಾತ್ರೆ ಬಿಡಬಾರದು. ಹಿಂದೆ ಕಾಂಟ್ರಾಸ್ಟ್ ಕೊಟ್ಟಾಗ ಮೈಯೆಲ್ಲ ದದ್ದು ಎದ್ದಿದ್ದರೆ ಅದನ್ನು ಬುಕ್ ಮಾಡುವಾಗಲೇ ಹೇಳಬೇಕು. ಸೂಜಿ ಚುಚ್ಚಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಎಂಆರ್‌ಐ ಕೋಣೆಯ ಬಾಗಿಲಿನಿಂದ ವಾಪಸು ಹೋಗುವವರಲ್ಲಿ ದೇಹದೊಳಗೆ ಸಾಧನ ಇರುವವರೇ ಜಾಸ್ತಿ. ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿ ಕೇಳಿಸಲೆಂದು ಒಳಗೆ ಕೂರಿಸಿದ ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಮಾದರಿ ಸಂಖ್ಯೆ ಇರುವ ಕಾರ್ಡ್ ಬೇಕೇ ಬೇಕು. ‘ಟೈಟಾನಿಯಂದೇ ಅಂತ ಡಾಕ್ಟರ್ ಹೇಳಿದ್ರು’ ಎಂಬ ಮಾತು ಇಲ್ಲಿ ನಡೆಯದು. ಕೆಲವು ಸಾಧನಗಳಿಗೆ 1.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ ಮಾತ್ರ ಅನುಮತಿ. ಹಾಗಾಗಿ ‘3 ಟೆಸ್ಲಾ’ ಎಂಬ ಜಾಹೀರಾತಿಗೆ ಮರುಳಾಗಿ ಹೆಚ್ಚು ಕೊಡುವ ಮುಂಚೆ ಕೇಳಿ. ಸೊಂಟದ ಡಿಸ್ಕ್ ನೋಡಲು 1.5 ಧಾರಾಳ ಸಾಕು. ಇಕ್ಕಟ್ಟಿಗೆ ಹೆದರುವವರಿಗೆ ‘ಓಪನ್’ ಯಂತ್ರ ಹಿತ, ಆದರೆ ಅವುಗಳಲ್ಲಿ ಹೆಚ್ಚಿನವುಗಳ ಅಯಸ್ಕಾಂತ ದುರ್ಬಲ, ಚಿತ್ರವೂ ಅಷ್ಟಕ್ಕಷ್ಟೆ. ಅದಕ್ಕಿಂತ, ಸುರಂಗದ ಅಗಲ ಎಂದಿನ 60 ಸೆಂ.ಮೀ. ಬದಲು 70 ಇರುವ 1.5 ಟೆಸ್ಲಾ ಯಂತ್ರ ಹುಡುಕುವುದು ಒಳ್ಳೆಯದು.

ವಿಕಿರಣ ಸೂಸುವ ಔಷಧಿ ಚುಚ್ಚಿ, ಅದು ದೇಹದಲ್ಲಿ ಎಲ್ಲಿ ಸೇರುತ್ತದೆ ಎಂದು ನೋಡುವ ಪೆಟ್-ಸಿ.ಟಿ. ಲೆಕ್ಕವೇ ಬೇರೆ. ಅದರಲ್ಲಿ ಸಾಮಾನ್ಯವಾಗಿ ಬಳಸುವ, ಸಕ್ಕರೆಯನ್ನು ಹೋಲುವ ಎಫ್‌ಡಿಜಿ ಔಷಧಿಯ ವಿಕಿರಣ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಮೂರು ಗಂಟೆ ನಲವತ್ತು ನಿಮಿಷ ತಡವಾದರೆ ಉಳಿಯುವುದು ಕಾಲು ಭಾಗ. ನಿಮ್ಮ ಹೆಸರಿಗೆ, ನಿಮ್ಮ ಸಮಯಕ್ಕೆ ಲೆಕ್ಕ ಹಾಕಿ ತರಿಸಿದ್ದನ್ನು ನಾಳೆಗೆ ಎತ್ತಿಡಲು ಬರುವುದಿಲ್ಲ. ಬೆಳಿಗ್ಗೆ ಫೋನ್ ಮಾಡಿ ‘ಬರೋಕಾಗಲ್ಲ’ ಎಂದರೆ ಮುಂಗಡ ವಾಪಸು ಬಾರದಿರುವುದಕ್ಕೆ ಕಾರಣ ಇದೇ. ರಕ್ತದ ಸಕ್ಕರೆ 200 ಮಿ.ಗ್ರಾಂ. ದಾಟಿದ್ದರೂ ಸ್ಕ್ಯಾನ್ ಮುಂದೂಡುತ್ತಾರೆ. ಆಗ ಹಣ ಯಾರ ಲೆಕ್ಕಕ್ಕೆ ಎಂಬ ನಿಯಮವನ್ನು ಮುಂಗಡ ಕಟ್ಟುವಾಗ ಓದಿಕೊಳ್ಳಿ.

ಚೀಟಿಯೇ ಇಲ್ಲದೆ ‘ಒಂದ್ಸಲ ಎಲ್ಲಾ ನೋಡಿಸಿಬಿಡೋಣ’ ಎಂದು ಇಡೀ ಮೈ ಸ್ಕ್ಯಾನ್ ಮಾಡಿಸುವ ಹುಮ್ಮಸ್ಸು ನಮಗೆ ಹಿಡಿಸದು. ಯಕೃತ್ತಿನಲ್ಲೊಂದು ನೀರುಗುಳ್ಳೆ, ಥೈರಾಯ್ಡ್‌ನಲ್ಲೊಂದು ಪುಟ್ಟ ಗಂಟು ಎಂದು ತೊಂದರೆ ಕೊಡದ ಏನಾದರೊಂದು ಸಿಕ್ಕೇ ಸಿಗುತ್ತದೆ. ಅದರ ಬೆನ್ನು ಹತ್ತಿ ಇನ್ನೆರಡು ಸ್ಕ್ಯಾನ್. ಸಿ.ಟಿ. ಆದರೆ ವಿಕಿರಣವೂ ಸೇರುತ್ತದೆ. ಎದೆಯ ಒಂದು ಎಕ್ಸ್‌ರೇ ಸುಮಾರು 0.1 ಮಿಲಿಸೀವರ್ಟ್ (ವಿಕಿರಣದ ಅಳತೆ) ಆದರೆ ಹೊಟ್ಟೆ–ಕಿಬ್ಬೊಟ್ಟೆಯ ಸಿ.ಟಿ. ಸುಮಾರು 8ರಿಂದ 10.

ವಿಮೆ ಇರುವವರು ಮೊದಲೇ ಅನುಮತಿ ಬೇಕೇ ಎಂದು ಕೇಳಿ, ಚೀಟಿಯ ಪ್ರತಿ, ವಿವರವಾದ ಬಿಲ್, ಹಣ ಕಟ್ಟಿದ ರಸೀದಿ, ರಿಪೋರ್ಟ್ ನಾಲ್ಕನ್ನೂ ಜೋಡಿಸಿಡಿ. ಆಸ್ಪತ್ರೆಗೆ ದಾಖಲಾಗದೆ ಮಾಡಿಸಿದ ಸ್ಕ್ಯಾನ್‌ಗೆ ಎಷ್ಟೋ ಪಾಲಿಸಿಗಳು ಹಣ ಕೊಡುವುದಿಲ್ಲ.

ಕೊನೆಗೆ ಕೈಗೆ ಏನು ಸಿಗುತ್ತದೆ? ದೊಡ್ಡ ಲಕೋಟೆಯ ಫಿಲ್ಮ್ ನೋಡಲು ಗಂಭೀರವಾಗಿದ್ದರೂ ನೂರಾರು ಚಿತ್ರಗಳಲ್ಲಿ ಆಯ್ದ ಕೆಲವು ಮಾತ್ರ ಅದರಲ್ಲಿರುತ್ತವೆ. ಕೇಳಬೇಕಾದ್ದು ಡೈಕಾಮ್ ರೂಪದ (ಸ್ಕ್ಯಾನ್ ಚಿತ್ರಗಳ ಕಂಪ್ಯೂಟರ್ ಕಡತ) ಪೂರ್ತಿ ಚಿತ್ರಗಳನ್ನು. ಅವಿದ್ದರೆ ಎರಡನೆಯ ರೇಡಿಯಾಲಜಿಸ್ಟ್ ಅದೇ ಚಿತ್ರ ನೋಡಿ ಅಭಿಪ್ರಾಯ ಕೊಡಬಹುದು, ಹೊಸ ಸ್ಕ್ಯಾನ್ ಬೇಕಾಗದು. ಸಿ.ಟಿ.ಯಾದರೆ 1 ಮಿ.ಮೀ. ತೆಳು ಚಿತ್ರಗಳೂ ಸೇರಿವೆಯೇ ಎಂದು ಕೇಳಿ. ಅವನ್ನು ಮತ್ತೆ ರೂಪಿಸಲು ಬೇಕಾದ, ಯಂತ್ರದಲ್ಲಿರುವ ಮೂಲ ದತ್ತಾಂಶವನ್ನು ಜಾಗ ಸಾಲದೆ ಕೆಲವೇ ದಿನಗಳಲ್ಲಿ ಅಳಿಸುತ್ತಾರೆ. ಶಸ್ತ್ರಚಿಕಿತ್ಸಕರು ಒಂದು ತಿಂಗಳ ಬಳಿಕ ಕೇಳಿದರೆ 5 ಮಿ.ಮೀ. ಚಿತ್ರದಿಂದ 1 ಮಿ.ಮೀ.ಯದನ್ನು ಹುಟ್ಟಿಸಲು ಯಾರಿಂದಲೂ ಆಗದು. ಸಿ.ಡಿ.ಯನ್ನು ಕೌಂಟರಿನಲ್ಲೇ ಒಮ್ಮೆ ತೆರೆಸಿ ನೋಡಿ, ಹೆಸರು ಮತ್ತು ತಾರೀಖು ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ. ಮೊಬೈಲಿಗೆ ಲಿಂಕ್ ಕಳುಹಿಸಿದ್ದರೆ ಅದಕ್ಕೊಂದು ಕೊನೆಯ ದಿನ ಇರುತ್ತದೆ. ಅದೇ ಸಂಜೆ ಇಳಿಸಿಟ್ಟುಕೊಳ್ಳಿ.

ಕೇಂದ್ರಗಳನ್ನು ನಡೆಸುವವರಲ್ಲಿ ಒಂದು ಕೋರಿಕೆ: ಭಾಗ, ಕಾಂಟ್ರಾಸ್ಟ್, ಫಿಲ್ಮ್, ಸಿ.ಡಿ., ರದ್ದತಿಯ ನಿಯಮ ಐದನ್ನೂ ಬರೆದ ಅಂದಾಜು ಪಟ್ಟಿಯನ್ನು ಬುಕ್ ಮಾಡಿದ ಕೂಡಲೇ ಕಳುಹಿಸಿ. ಕೌಂಟರಿನ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇತಿ,
ರೇಡಿಯಾಲಜಿ ವಿಭಾಗದ ಕೆಲವು ಕೆಲಸಗಾರರು